ಪ್ಲೇನರ್ ಬ್ಲೇಡಿಗೆ ಸಾಣೆ: ಕೊಡಗಿನಲ್ಲಿ ಯಾರಿಗೆ ಕೊಡಬಹುದು, ಯಾವುದನ್ನು ಮನೆಯಲ್ಲೇ ಹಿಡಿಯಬಹುದು

ಸಾಣೆ ಹಿಡಿಸಿ ತಂದ ಬ್ಲೇಡು ಉಗುರಿನ ಮೇಲಿಟ್ಟರೆ ಜಾರದೆ ಕಚ್ಚುತ್ತದೆ, ತೋಳಿನ ಕೂದಲನ್ನೂ ಬೋಳಿಸುತ್ತದೆ. ಅದನ್ನೇ ಥಿಕ್ನೆಸ್ ಮೆಷಿನ್ನಿಗೆ (ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಪ್ಲೇನರ್) ಹಾಕಿ ಸಿಲ್ವರ್ ಓಕ್ ಹಲಗೆ ಬಿಟ್ಟರೆ ನಡುವೆ ದಿಣ್ಣೆ, ಎರಡು ಹಲಗೆ ಒಂದರ ಮೇಲೊಂದು ಇಟ್ಟರೆ ತೊಟ್ಟಿಲ ಹಾಗೆ ಆಡುತ್ತವೆ. ಬ್ಲೇಡಿನ ಬಾಯಿ ಹರಿತವಾಗಿದೆ, ನೇರವಾಗಿಲ್ಲ. ನಡುಭಾಗ ಹೆಚ್ಚು ತಿಂದುಹೋಗಿದ್ದರೆ ಹಲಗೆಯ ನಡುವೆ ದಿಣ್ಣೆ ಉಳಿಯುತ್ತದೆ, ಎರಡೂ ತುದಿ ತಿಂದುಹೋಗಿದ್ದರೆ ಹಲಗೆಯ ಅಂಚುಗಳು ದಪ್ಪವಾಗಿ ಬರುತ್ತವೆ. ಹರಿತ ಮಾಡುವುದು ಯಾವ ಸಾಣೆಯವನಿಗೂ ಬರುತ್ತದೆ. 12 ಇಂಚು ಉದ್ದಕ್ಕೂ ನೇರ ಇಡುವುದು, ಸೆಟ್ಟಿನ ಎರಡು ಅಥವಾ ಮೂರು ಬ್ಲೇಡನ್ನೂ ಒಂದೇ ಅಳತೆಗೆ ತರುವುದು ಯಂತ್ರದ ಕೆಲಸ. ಕೊಡಗಿನಲ್ಲಿ ಬ್ಲೇಡ್ ಸಾಣೆಗೆ ಸಿಗುವ ದಾರಿಗಳನ್ನು ಇಲ್ಲಿ ಅಳೆದಿರುವುದು ಇದೇ ಲೆಕ್ಕದಲ್ಲಿ.

ಮೊದಲು ಪೇಟೆಯ ಬೆಂಚ್ ಗ್ರೈಂಡರ್. ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ, ಯಾವ ಊರಿಗೆ ಹೋದರೂ ಕತ್ತಿ, ಕೊಡಲಿ, ಗಿಡ ಸವರುವ ಕತ್ತರಿ ಮಸೆದುಕೊಡುವ ವರ್ಕ್‌ಶಾಪ್ ಒಂದಿರುತ್ತದೆ. ತೋಟದ ಕತ್ತಿಗೆ ಅದು ಸಾಕು. ಪ್ಲೇನರ್ ಬ್ಲೇಡಿಗೆ ಬೇಡ. ದುಂಡು ಚಕ್ರದಲ್ಲಿ ಹಿಡಿದರೆ ಬ್ಲೇಡಿನ ಬಾಯಿಯ ಇಳಿಜಾರು ಮುಖ ಒಳಗೆ ಗುಳಿ ಬೀಳುತ್ತದೆ ಎಂದು ಕೆಲವರು ದೂರುತ್ತಾರೆ. ಅದು ದೊಡ್ಡ ದೋಷವಲ್ಲ. 6 ಇಂಚಿನ ಚಕ್ರದಲ್ಲಿ 3 ಮಿ.ಮೀ. ದಪ್ಪದ ಬ್ಲೇಡು ಹಿಡಿದರೆ ಆ ಗುಳಿಯ ಆಳ 0.04 ಮಿ.ಮೀ. ಕೂಡ ಆಗುವುದಿಲ್ಲ. ದೋಷವಿರುವುದು ಕೈಯಲ್ಲಿ. ಒಂದಂಗುಲ ಅಗಲದ ಚಕ್ರದ ಮುಂದೆ 12 ಇಂಚಿನ ಬ್ಲೇಡನ್ನು ಅತ್ತಿತ್ತ ಸರಿಸುವಾಗ ಎಲ್ಲಿ ಕೈ ತಡೆಯುತ್ತದೋ ಅಲ್ಲಿ ಹೆಚ್ಚು ಸವೆಯುತ್ತದೆ, ಅದು ಸಾಮಾನ್ಯವಾಗಿ ದಿಕ್ಕು ಬದಲಿಸುವ ಎರಡು ತುದಿಗಳಲ್ಲಿ. ಮಳೆಗಾಲದಲ್ಲಿ ವೋಲ್ಟೇಜ್ ಇಳಿದರೆ ಚಕ್ರದ ವೇಗವೂ ಕುಗ್ಗುತ್ತದೆ. ಆಗ ಒತ್ತಿ ಹಿಡಿಯುತ್ತಾರೆ, ಒತ್ತಿದರೆ ಕಾವು ಏರುತ್ತದೆ.

ಕಾವಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬ್ಲೇಡಿನ ತುದಿ ನೀಲಿಯಾದರೆ ಹದ ಹೋಯಿತು ಎನ್ನುತ್ತಾರೆ. ಕಾರ್ಬನ್ ಸ್ಟೀಲಿನ ಉಳಿಗೆ, ಹಳೆಯ ಕೈ ಹತ್ತರಿಯ ಬ್ಲೇಡಿಗೆ ಆ ಮಾತು ನಿಜ. ಮೆಷಿನ್ ಬ್ಲೇಡುಗಳು ಹೆಚ್ಚಾಗಿ ಎಚ್‌ಎಸ್‌ಎಸ್, ಅಂದರೆ ಕಾವು ತಡೆಯುವ ಹೈ ಸ್ಪೀಡ್ ಸ್ಟೀಲ್. ನೀಲಿ ಬಣ್ಣ ಬರುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಚ್‌ಎಸ್‌ಎಸ್ ಹದ ಬಿಡುವುದು 550 ದಾಟಿದ ಮೇಲೆ. ಹಾಗಾಗಿ ತಿಳಿನೀಲಿ ಕಂಡಕೂಡಲೇ ಬ್ಲೇಡು ಎಸೆಯಬೇಕಿಲ್ಲ. ನಿಜವಾದ ಹಾನಿ ಆಗುವುದು ಆ ಬಿಸಿ ಬ್ಲೇಡನ್ನು ಪಕ್ಕದ ನೀರಿನ ಡಬ್ಬಕ್ಕೆ ಚುಯ್ ಎಂದು ಅದ್ದಿದಾಗ. ಎಚ್‌ಎಸ್‌ಎಸ್ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ನಾಲ್ಕು ಹಲಗೆ ಓಡಿಸುವಷ್ಟರಲ್ಲಿ ಅಲ್ಲಲ್ಲಿ ಚೂರು ಉದುರುತ್ತದೆ. ಸಾಣೆಯುದ್ದಕ್ಕೂ ನೀರು ಹರಿಯುತ್ತಿರಬೇಕು, ಇಲ್ಲವೇ ಒಣಗಿದ್ದಂತೆಯೇ ತೆಳ್ಳಗೆ ಹಿಡಿದು ತಾನಾಗಿ ಆರಲು ಬಿಡಬೇಕು. ನಡುವಿನ ದಾರಿ ಇಲ್ಲ.

ಎರಡನೆಯದು, ಸಾ ಮಿಲ್ಲುಗಳಿಗೆ ಗರಗಸ ಮಸೆಯುವವರು. ಮರದ ಕೆಲಸ ಗೊತ್ತಿರುವವರು, ನಂಬಿಕೆ ಹುಟ್ಟುವುದು ಸಹಜ. ಆದರೆ ಬ್ಯಾಂಡ್ ಸಾ ಹಲ್ಲು ಮಸೆಯುವ ಯಂತ್ರ ಒಂದೊಂದೇ ಹಲ್ಲಿಗೆ ಇಳಿದು ಏಳುವಂಥದ್ದು, ಉದ್ದನೆಯ ನೇರ ಅಂಚಿಗೆ ಅದು ಬರುವುದಿಲ್ಲ. ಜೊತೆಗೆ ನೈಫ್ ಗ್ರೈಂಡರ್ ಬೇರೆ ಇದೆಯೇ ಎಂದು ಕೇಳಿ. ಇದ್ದರೆ ಕಣ್ಣಾರೆ ನೋಡಿ: ಉದ್ದನೆಯ ಕಬ್ಬಿಣದ ಟೇಬಲ್, ಬ್ಲೇಡನ್ನು ಹಿಡಿಯುವ ಮ್ಯಾಗ್ನೆಟ್ ಅಥವಾ ಸಾಲು ಕ್ಲಾಂಪ್, ಹಳಿಯ ಮೇಲೆ ಓಡುವ ಚಕ್ರ, ತಂಪು ಮಾಡುವ ಎಣ್ಣೆ ಬೆರೆತ ಬಿಳಿ ನೀರು ಸುರಿಯುವ ಕೊಳವೆ. ಈ ನಾಲ್ಕರಲ್ಲಿ ನೀರು ಇಲ್ಲದಿದ್ದರೆ ಅನುಮಾನಿಸಿ, ಹಳಿ ಇಲ್ಲದಿದ್ದರೆ ವಾಪಸ್ ಬನ್ನಿ.

ಮೂರನೆಯದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ: ಸರ್ಫೇಸ್ ಗ್ರೈಂಡರ್ (ಲೋಹದ ಮೇಲ್ಮೈಯನ್ನು ಸಮತಟ್ಟಾಗಿ ಸವೆಸುವ ಯಂತ್ರ) ಇರುವ ಎಂಜಿನಿಯರಿಂಗ್ ವರ್ಕ್‌ಶಾಪ್. ಡೈ, ಪಂಚು, ಯಂತ್ರದ ಬಿಡಿಭಾಗ ತಿದ್ದುವವರ ಬಳಿ ಈ ಯಂತ್ರ ಇರುತ್ತದೆ. 18 ಇಂಚು ಉದ್ದದ ಟೇಬಲ್ ಇದ್ದರೆ 12-13 ಇಂಚಿನ ಬ್ಲೇಡು ಆರಾಮಾಗಿ ಕೂರುತ್ತದೆ. ಬೇಕಾದ್ದು ಬ್ಲೇಡನ್ನು ಓರೆಯಾಗಿ ಹಿಡಿದಿಡುವ, 40 ಡಿಗ್ರಿ ಇಳಿಜಾರಿನ ಒಂದು ಕಬ್ಬಿಣದ ಫಿಕ್ಸ್ಚರ್ ಮಾತ್ರ. ನೀವೇ ಒಂದನ್ನು ಮಾಡಿಸಿಟ್ಟುಕೊಂಡು ಪ್ರತಿ ಸಲ ಜೊತೆಯಲ್ಲಿ ಒಯ್ದರೆ ಕೆಲಸ ಸಲೀಸು. ನೇರದ ವಿಚಾರದಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ತೊಡಕೇನೆಂದರೆ, ಇದು ಅವರ ದಿನನಿತ್ಯದ ಕೆಲಸವಲ್ಲ. ಬೇಗ ಮುಗಿಸಲು ಒಂದೇ ಸಲಕ್ಕೆ ಹೆಚ್ಚು ಇಳಿಸುತ್ತಾರೆ. ಕೊನೆಯ ಕೆಲವು ಓಟ 0.01 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ ಎಂದು ಮೊದಲೇ ಹೇಳಿ.

ನಾಲ್ಕನೆಯದು ಮೈಸೂರು. ಮಡಿಕೇರಿಯಿಂದ ಸುಮಾರು 120 ಕಿ.ಮೀ. ನೈಫ್ ಗ್ರೈಂಡಿಂಗ್ ಅನ್ನೇ ಕಸುಬು ಮಾಡಿಕೊಂಡವರನ್ನು ಹುಡುಕಲು ಒಂದು ಸುಲಭ ಉಪಾಯವಿದೆ. ಬಡಗಿಗಳನ್ನು ಬಿಟ್ಟು ನಿಮ್ಮೂರಿನ ಪ್ರಿಂಟಿಂಗ್ ಪ್ರೆಸ್ಸಿನವರನ್ನು ಕೇಳಿ. ಅವರ ಪೇಪರ್ ಕಟಿಂಗ್ ಮೆಷಿನ್ನಿನ ಬ್ಲೇಡು ಮೊಂಡಾದರೆ ಕಾಗದ ಹರಿಯುತ್ತದೆ, ಆ ಬ್ಲೇಡು ಎರಡು ಮೂರು ಅಡಿ ಉದ್ದ, ಅದನ್ನು ಊರ ಗ್ರೈಂಡರಿನಲ್ಲಿ ಹಿಡಿಸಲಾಗದು. ಎಲ್ಲಿಗೆ ಕಳಿಸಬೇಕೆಂದು ಅವರಿಗೆ ಖಂಡಿತ ಗೊತ್ತಿರುತ್ತದೆ. ಅದೇ ಯಂತ್ರ ಪ್ಲೇನರ್ ಬ್ಲೇಡಿಗೂ ಆಗುತ್ತದೆ. ಕೋನ ಮಾತ್ರ ಬರೆದು ಕೊಡಿ. ಕಾಗದ ಕತ್ತರಿಸುವ ಬ್ಲೇಡಿನ ಕೋನ 22ರಿಂದ 25 ಡಿಗ್ರಿ. ಅದೇ ಸೆಟ್ಟಿಂಗ್‌ನಲ್ಲಿ ನಿಮ್ಮದನ್ನೂ ಎಳೆದರೆ ಬೀಟೆಯ ಮೊದಲ ಗಂಟಿಗೇ ಅಂಚು ಮುರಿಯುತ್ತದೆ.

ಕೊಡುವ ಚೀಟಿಯಲ್ಲಿ ಇಷ್ಟಿರಲಿ: ಎಚ್‌ಎಸ್‌ಎಸ್ ಅಥವಾ ಕಾರ್ಬೈಡ್ (ಅದಕ್ಕಿಂತ ಗಟ್ಟಿ, ಆದರೆ ಬೇಗ ಚೂರಾಗುವಂಥದ್ದು) ಎಂದು, ಇಳಿಜಾರು 40 ಡಿಗ್ರಿ (ಅಥವಾ ಮೆಷಿನ್ನಿನ ಪುಸ್ತಕದಲ್ಲಿ ಇರುವಷ್ಟು), ಸೆಟ್ಟಿನ ಎಲ್ಲ ಬ್ಲೇಡೂ ಒಟ್ಟಿಗೆ ಒಂದೇ ಸೆಟ್ಟಿಂಗ್‌ನಲ್ಲಿ, ಹಲ್ಲು ಬಿದ್ದ (ಅಂಚು ಚೂರು ಹಾರಿ ಕಚ್ಚಾದ) ಕಡೆಯ ಆಳ ಎಷ್ಟು. ಕಾರ್ಬೈಡಿಗೆ ಡೈಮಂಡ್ ಚಕ್ರವೇ ಬೇಕು. ಎಚ್‌ಎಸ್‌ಎಸ್‌ಗೆ ಬಿಳಿ ಅಥವಾ ಗುಲಾಬಿ ಬಣ್ಣದ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ, ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಚಕ್ರ ಇದ್ದರೆ ಇನ್ನೂ ಒಳ್ಳೆಯದು. ಬೂದು ಬಣ್ಣದ ಸಾಮಾನ್ಯ ಚಕ್ರ ಎಚ್‌ಎಸ್‌ಎಸ್ ಮೇಲೆ ಬೇಗ ನುಣುಪಾಗಿ ಕಡಿಯುವುದನ್ನು ಬಿಟ್ಟು ಉಜ್ಜಲು ತೊಡಗುತ್ತದೆ.

ಹಲ್ಲಿನ ಆಳ ಯಾಕೆ ಮುಖ್ಯವೆಂದರೆ, ಬ್ಲೇಡಿನ ಆಯುಷ್ಯ ಹೋಗುವುದು ಅಲ್ಲೇ. ಬರೀ ಮೊಂಡಾದ ಬ್ಲೇಡಿಗೆ 0.2 ಮಿ.ಮೀ. ತೆಗೆದರೆ ಸಾಕು. ಒಂದು ಮೊಳೆ ತಾಗಿ 0.7 ಮಿ.ಮೀ. ಹಲ್ಲು ಬಿದ್ದಿದ್ದರೆ ಉದ್ದಕ್ಕೂ ಅಷ್ಟನ್ನೂ ತೆಗೆಯಬೇಕು, ಜೊತೆಯ ಬ್ಲೇಡುಗಳಿಂದಲೂ ತೆಗೆಯಬೇಕು. ಬ್ಲೇಡಿನಲ್ಲಿ ಸವೆಸಲು 10 ಮಿ.ಮೀ. ಇದೆ ಎಂದಿಟ್ಟುಕೊಂಡರೆ ಮೊದಲನೆಯ ಲೆಕ್ಕದಲ್ಲಿ 50 ಸಾಣೆ, ಎರಡನೆಯದರಲ್ಲಿ 14. ತೋಟದ ಸಿಲ್ವರ್ ಓಕ್‌ನಲ್ಲಿ ಬೇಲಿ ತಂತಿಯ ಮೊಳೆ, ಬೋರ್ಡ್ ಹೊಡೆದ ಮೊಳೆ, ತೊಗಟೆ ಮುಚ್ಚಿಕೊಂಡ ಮುಳ್ಳುತಂತಿ ಎಲ್ಲವೂ ಸಿಗುತ್ತವೆ. ಹಳೆಯ ಐನ್‌ಮನೆ (ಕೊಡವರ ಕುಟುಂಬದ ಮೂಲಮನೆ) ಕಳಚಿದ ತೊಲೆಯಾದರೆ ಕೇಳುವುದೇ ಬೇಡ. ಮರದ ಮೈಯಲ್ಲಿ ಕಾರಣವಿಲ್ಲದೆ ಕಪ್ಪುನೀಲಿ ಕಲೆ ಇದ್ದರೆ ಒಳಗೆ ಕಬ್ಬಿಣ ಇದೆ ಎಂದೇ ತಿಳಿಯಿರಿ. ಕೈಯಲ್ಲಿ ಹಿಡಿಯುವ ಸಣ್ಣ ಮೆಟಲ್ ಡಿಟೆಕ್ಟರ್ ಈ ಜಿಲ್ಲೆಯ ಬಡಗಿಗೆ ಸಾಣೆಕಲ್ಲಿಗಿಂತ ಮೊದಲು ಬೇಕಾದ ಸಾಮಾನು.

ಹಲ್ಲು ಸಣ್ಣದಾಗಿದ್ದರೆ ಸಾಣೆಯೇ ಬೇಡ. ಒಂದು ಬ್ಲೇಡನ್ನು ಕಟರ್ ಬ್ಲಾಕಿನಲ್ಲಿ (ಬ್ಲೇಡುಗಳನ್ನು ಹಿಡಿದು ತಿರುಗುವ ಉರುಳೆ) 1ರಿಂದ 2 ಮಿ.ಮೀ. ಪಕ್ಕಕ್ಕೆ ಸರಿಸಿ ಬಿಗಿ ಮಾಡಿ. ಒಂದರ ಹಲ್ಲು ಬಿಟ್ಟ ಗೆರೆಯನ್ನು ಇನ್ನೊಂದು ಅಳಿಸುತ್ತದೆ.

ಅಂಗಡಿಯಿಂದ ಬ್ಲೇಡು ಕೈಗೆ ಬಂದಾಗ ಅಲ್ಲೇ ನಿಂತು ನೋಡಬೇಕಾದ್ದು ಮೂರು. ಒಂದು, ಎರಡು ಬ್ಲೇಡನ್ನು ಬಾಯಿಗೆ ಬಾಯಿ ತಾಗಿಸಿ ಕಿಟಕಿಯ ಬೆಳಕಿಗೆ ಅಥವಾ ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿಯಿರಿ. ಮೆಲ್ಲಗೆ, ಒತ್ತಬಾರದು. ಬೆಳಕಿನ ಗೆರೆ ಎಲ್ಲಿ ಕಾಣುತ್ತದೋ ಅಲ್ಲಿ ಗುಳಿ. ಎರಡೂ ಒಂದೇ ರೀತಿ ತಪ್ಪಿದ್ದರೆ ತಪ್ಪು ದುಪ್ಪಟ್ಟಾಗಿ ಕಾಣುತ್ತದೆ, ಅದೇ ಇದರ ಅನುಕೂಲ. ಸಂದಿನಲ್ಲಿ 80 ಜಿಎಸ್‌ಎಂ ಜೆರಾಕ್ಸ್ ಹಾಳೆಯ ಚೂರು ತೂರಿಸಿ: ಅದರ ದಪ್ಪ ಸುಮಾರು 0.1 ಮಿ.ಮೀ. ಹಾಳೆ ಸಲೀಸಾಗಿ ತೂರಿದರೆ ಪ್ರತಿ ಬ್ಲೇಡಿನಲ್ಲೂ ಹೆಚ್ಚುಕಡಿಮೆ 0.05 ತಪ್ಪಿದೆ, ವಾಪಸ್ ಕೊಡಿ. ಎರಡು, ವರ್ನಿಯರ್ ಹಿಡಿದು ಇಳಿಜಾರಿನ ಅಗಲ ಅಳೆಯಿರಿ. 3 ಮಿ.ಮೀ. ದಪ್ಪದ ಬ್ಲೇಡಿಗೆ 40 ಡಿಗ್ರಿಯಾದರೆ ಅಗಲ 4.7 ಮಿ.ಮೀ., 35 ಆದರೆ 5.2, 45 ಆದರೆ 4.2. 7 ದಾಟಿದ್ದರೆ ಪೇಪರ್ ಬ್ಲೇಡಿನ ಸೆಟ್ಟಿಂಗ್‌ನಲ್ಲೇ ಎಳೆದಿದ್ದಾರೆ. ಕೋನ ಅಳೆಯುವ ಉಪಕರಣ ಬೇಕಿಲ್ಲ. ಮೂರು, ತೂಕ. ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಸೆಟ್ಟಿನ ಬ್ಲೇಡುಗಳ ನಡುವೆ ಒಂದು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬ್ಲಾಕು ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗುವಾಗ ಆ ಗ್ರಾಂ ಬೇರಿಂಗ್ ತಿನ್ನುತ್ತದೆ.

ಎಷ್ಟೋ ಅಂಗಡಿಗಳು ಇಲ್ಲಿಯವರೆಗೂ ಚೆನ್ನಾಗಿ ಮಾಡಿ ಕೊನೆಯ ಐದು ನಿಮಿಷದ ಕೆಲಸ ಬಿಟ್ಟುಬಿಡುತ್ತವೆ. ಗ್ರೈಂಡರಿನಿಂದ ಇಳಿದ ಅಂಚಿನ ಬೆನ್ನ ಕಡೆ ಕೂದಲೆಳೆಯಂಥ ಮುಳ್ಳು ಎದ್ದಿರುತ್ತದೆ. ಹೆಬ್ಬೆರಳನ್ನು ಚಪ್ಪಟೆ ಮುಖದಿಂದ ಬಾಯಿಯ ಕಡೆಗೆ ಜಾರಿಸಿದರೆ ಗೊರಗೊರ ತಾಗುತ್ತದೆ. ಹಾಗೆಯೇ ಮೆಷಿನ್ನಿಗೆ ಹಾಕಿದರೆ ಮೊದಲ ಹಲಗೆಯಲ್ಲೇ ಆ ಮುಳ್ಳು ಮುರಿದು ಜೊತೆಗೆ ಅಂಚನ್ನೂ ಕೀಳುತ್ತದೆ. 1000 ಗ್ರಿಟ್ ಕಲ್ಲಿಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಚಪ್ಪಟೆ ಮುಖವನ್ನು ಪೂರ್ತಿ ಕಲ್ಲಿಗೆ ಒರಗಿಸಿ ಐದಾರು ಸಲ, ಇಳಿಜಾರಿನ ಕಡೆ ಎರಡು ಮೂರು ಸಲ, ಮತ್ತೆ ಚಪ್ಪಟೆ ಕಡೆ ಒಂದೆರಡು ಸಲ. ಇಷ್ಟೇ.

ಇನ್ನು ಮನೆಯ ಕೆಲಸ. ಇಲ್ಲಿ ಬ್ಲೇಡಿನ ಉದ್ದ ನೋಡಿ ತೀರ್ಮಾನಿಸಬೇಕು.

ಕೈಯಲ್ಲಿ ಹಿಡಿಯುವ ಕರೆಂಟ್ ಪ್ಲೇನರಿನ 82 ಮಿ.ಮೀ. ಬ್ಲೇಡು ಎರಡು ಜಾತಿ. ಸುಮಾರು 5.5 ಮಿ.ಮೀ. ಅಗಲದ, 1.1 ಮಿ.ಮೀ. ದಪ್ಪದ ಸಣ್ಣ ಕಾರ್ಬೈಡ್ ಪಟ್ಟಿ: ಇದಕ್ಕೆ ಎರಡು ಬಾಯಿ, ಒಂದು ಹೋದರೆ ತಿರುಗಿಸಿ ಹಾಕುವುದು, ಎರಡೂ ಹೋದರೆ ಎಸೆಯುವುದು. ಸಾಣೆ ಹಿಡಿಯಲು ಹೋಗಬೇಡಿ, ಅಗಲ ಸ್ವಲ್ಪ ಕಡಿಮೆಯಾದರೂ ಹೋಲ್ಡರಿನಲ್ಲಿ ಎತ್ತರ ತಪ್ಪುತ್ತದೆ. ಇನ್ನೊಂದು, 29 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎಚ್‌ಎಸ್‌ಎಸ್. ಮಸೆಯಲೆಂದೇ ಮಾಡಿದ್ದು. ಇದಕ್ಕೆ ಎರಡೂ ಬ್ಲೇಡನ್ನು ಒಟ್ಟಿಗೆ ಕಚ್ಚಿ ಹಿಡಿಯುವ ಸಾಣೆ ಹೋಲ್ಡರ್ ಸಿಗುತ್ತದೆ, ಮಕಿಟಾದಂಥ ಕಂಪನಿಗಳು ತಾವೇ ಮಾರುತ್ತವೆ. ರೆಕ್ಕೆ ನಟ್ಟು ಸಡಿಲಿಸಿ ಎರಡು ಬ್ಲೇಡು ತೂರಿಸಿ, ಎರಡರ ಇಳಿಜಾರೂ ಕಲ್ಲಿಗೆ ಸಮನಾಗಿ ತಾಗುವಂತೆ ಒತ್ತಿ ಬಿಗಿದರೆ ಆಯಿತು. ಕೋನ ತಾನಾಗಿ ಬರುತ್ತದೆ, ಎರಡೂ ಒಂದೇ ಅಳತೆಗೆ ಇಳಿಯುತ್ತವೆ. ಈ ಚಿಕ್ಕ ಸಾಮಾನಿನ ಬಗ್ಗೆ ದೂರಲು ಏನೂ ಇಲ್ಲ. 82 ಮಿ.ಮೀ. ಬ್ಲೇಡನ್ನು ಸಾಣೆಗೆಂದು ಪೇಟೆಗೆ ಒಯ್ಯುವುದು ಬಸ್ ಚಾರ್ಜಿಗೆ ದಂಡ.

ಮಾಡುವಾಗ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ. ನಾಲ್ಕು ಸಲ ಉಜ್ಜಿ ನೋಡಿದರೆ ಬಣ್ಣ ಎಲ್ಲಿ ಹೋಗಿದೆ ಎಂಬುದೇ ಎಲ್ಲವನ್ನೂ ಹೇಳುತ್ತದೆ. ಹಿಂಭಾಗದಲ್ಲಿ ಮಾತ್ರ ಹೋಗಿದ್ದರೆ ಬಾಯಿ ಇನ್ನೂ ಕಲ್ಲು ಮುಟ್ಟಿಲ್ಲ, ಬಾಯಿಯಲ್ಲಿ ಮಾತ್ರ ಹೋಗಿದ್ದರೆ ಕೋನ ಹೆಚ್ಚಾಗಿದೆ. 400 ಗ್ರಿಟ್‌ನಲ್ಲಿ ಶುರುಮಾಡಿ, ಉದ್ದಕ್ಕೂ ಮುಳ್ಳು ಏಳುವವರೆಗೆ ಬಿಡಬೇಡಿ, ಆಮೇಲೆ 1000, ಕೊನೆಗೆ 1200 ಅಥವಾ 2000. ಹಾರ್ಡ್‌ವೇರ್ ಅಂಗಡಿಯ ಎರಡು ಇಂಚು ಅಗಲದ ಕಾರ್ಬೊರಂಡಮ್ ಕಲ್ಲು ಹಲವು ವರ್ಷ ಕತ್ತಿ ಮಸೆದು ನಡು ಗುಳಿಬಿದ್ದಿದ್ದರೆ ಈ ಕೆಲಸಕ್ಕೆ ಮುಟ್ಟಬೇಡಿ. ಬ್ಲೇಡು ಅದೇ ಗುಳಿಯ ಆಕಾರಕ್ಕೆ ಉಬ್ಬುತ್ತದೆ. ಅದರ ಬದಲು 10 ಮಿ.ಮೀ. ದಪ್ಪದ ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ.

12 ಇಂಚಿನ ಬ್ಲೇಡಿಗೆ ಇದೇ ವಿಧಾನ ದೊಡ್ಡದಾಗಿ ಮಾಡುತ್ತಾರೆ. ಒಣಗಿದ ತೇಗ ಅಥವಾ ಬೀಟೆಯ ತುಂಡಿಗೆ ಟೇಬಲ್ ಸಾದಲ್ಲಿ ತಳದ ಮುಖಕ್ಕೆ 40 ಡಿಗ್ರಿ ಕೋನ ಬರುವಂತೆ ಎರಡು ಗಾಡಿ (ಉದ್ದನೆಯ ಸೀಳು) ಕೊಯ್ದು, ಎರಡು ಬ್ಲೇಡು ಎದುರುಬದುರು ಕೂರಿಸಿ, ಮೇಲಿನಿಂದ ಸ್ಕ್ರೂ ಬಿಗಿದು ಗಾಜಿನ ಮೇಲೆ ಎಳೆಯುವುದು. ಚೆನ್ನಾಗಿಯೇ ಬರುತ್ತದೆ, ಒಂದು ವಿಷಯ ಮರೆಯದಿದ್ದರೆ: ವಾಟರ್ ಪೇಪರ್ ಹಾಳೆಯ ಉದ್ದ 280 ಮಿ.ಮೀ., ಬ್ಲೇಡಿನದು 305. ಎರಡು ಹಾಳೆ ಜೋಡಿಸಿ ಅಂಟಿಸಿದರೆ ಜೋಡಣೆಯ ಏಣು ಅಂಚಿಗೆ ತಾಗುತ್ತದೆ, ಕಾಗದವೂ ಹರಿಯುತ್ತದೆ. ಆರು ಇಂಚು ಅಗಲದ ಎಮರಿ ರೋಲ್ ತಂದು ಒಂದೇ ತುಂಡಾಗಿ ಹಾಸಿ. ಇಷ್ಟೆಲ್ಲ ಮಾಡಿಯೂ ಇದರಿಂದ 0.1, ಹೆಚ್ಚೆಂದರೆ 0.2 ಮಿ.ಮೀ. ತೆಗೆಯಬಹುದು. ಹಲ್ಲು ಬಿದ್ದ ಬ್ಲೇಡನ್ನು ಕೈಯಲ್ಲಿ ಉಜ್ಜಿ ಸರಿಮಾಡುತ್ತೇನೆಂದು ಕೂತರೆ ಒಂದು ಭಾನುವಾರ, ಒಂದು ರೋಲ್ ಎಮರಿ ಮತ್ತು ಬ್ಲೇಡಿನ ನೇರ ಮೂರೂ ಹೋಗುತ್ತವೆ. 18, 24 ಇಂಚಿನ ಬ್ಲೇಡನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಎರಡು ಸಾಣೆಯ ನಡುವೆ ಮೆಷಿನ್ನಿನಲ್ಲೇ ಕಲ್ಲು ಎಳೆಯುವುದು ಬೇರೆ ಮಾತು, ಅದನ್ನು ಎಲ್ಲರೂ ಮಾಡಬೇಕು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಇಡಿ. ಬ್ಲಾಕು ತಿರುಗದಂತೆ ಮರದ ಬೆಣೆ ಕೊಡಿ. ಕಲ್ಲಿನ ಒಂದು ತುದಿಗೆ ಕಾಗದ ಸುತ್ತಿ ಟೇಬಲ್ ಗೀರದ ಹಾಗೆ ನೋಡಿಕೊಂಡು ಇಳಿಜಾರಿನ ಮೇಲೆ ಎಂಟು ಹತ್ತು ಸಲ ಎಳೆಯಿರಿ, ಪ್ರತಿ ಬ್ಲೇಡಿಗೂ ಎಣಿಸಿ ಅಷ್ಟೇ ಸಲ. ಹೀಗೆ ಮೂರು ನಾಲ್ಕು ಬಾರಿ ಆಗುವಾಗ ತುದಿಯಲ್ಲಿ ಹೊಳೆಯುವ ಪಟ್ಟಿ ಅರ್ಧ ಮಿ.ಮೀ. ದಾಟುತ್ತದೆ, ಅಲ್ಲಿಗೆ ನಿಲ್ಲಿಸಿ ಗ್ರೈಂಡಿಂಗಿಗೆ ಕಳಿಸಿ. ಆಮೇಲೂ ಎಳೆದರೆ ಬ್ಲೇಡಿನ ಹಿಮ್ಮಡಿ ಮರಕ್ಕೆ ಉಜ್ಜುತ್ತದೆ, ಹಲಗೆ ಹೊಳೆಯುತ್ತದೆ, ಪಾಲಿಶ್ ಹಿಡಿಯುವುದಿಲ್ಲ.

ಹಲಸು, ಮತ್ತಿಯಂಥ ಎಳೆ ಅಡ್ಡಾದಿಡ್ಡಿ ಓಡುವ ಮರವನ್ನೇ ಹೆಚ್ಚು ಓಡಿಸುವವರು ಒಂದು ಸೆಟ್ಟಿಗೆ ಚಪ್ಪಟೆ ಮುಖದಲ್ಲಿ 10ರಿಂದ 12 ಡಿಗ್ರಿಯ ಸಣ್ಣ ಇಳಿಜಾರು, ಒಂದು ಮಿ.ಮೀ. ಅಗಲಕ್ಕೆ, ಹಾಕಿಸಿ. ಎಳೆ ಕಿತ್ತುಬರುವುದು ತುಂಬ ಕಡಿಮೆಯಾಗುತ್ತದೆ. ಮೋಟರಿಗೆ ಭಾರ ಹೆಚ್ಚು, ಹಲಗೆ ನಿಧಾನ ಬಿಡಬೇಕು. ತೇಗದವರಿಗೆ ಇದು ಬೇಡ. ತೇಗದೊಳಗಿನ ಸಿಲಿಕಾ ಮರಳಿನಂತೆ ಬಾಯಿ ತಿನ್ನುತ್ತದೆ, ಅಲ್ಲಿ ಕಾರ್ಬೈಡ್ ಒಳ್ಳೆಯದು. ಆದರೆ ಅದೇ ಕಾರ್ಬೈಡ್ ತೋಟದ ಮರದ ಒಂದು ಮೊಳೆಗೆ ಚೂರಾಗುತ್ತದೆ. ಡಿಪೋದ ಮರಕ್ಕೆ ಕಾರ್ಬೈಡ್, ತೋಟದ ಮರಕ್ಕೆ ಎಚ್‌ಎಸ್‌ಎಸ್.

ಒಳ್ಳೆಯ ಸಾಣೆ ಹಾಳಾಗುವುದು ಬ್ಲೇಡು ಕೂರಿಸುವಾಗ. ಬ್ಲಾಕಿನ ಗಾಡಿ, ಬಿಗಿಪಟ್ಟಿ, ಸ್ಕ್ರೂ ತಲೆಯಲ್ಲಿ ಹಲಸಿನ ಅಂಟು ಮತ್ತು ಹೊಟ್ಟು ಗಟ್ಟಿಯಾಗಿರುತ್ತದೆ, ಸೀಮೆಎಣ್ಣೆ ಹಾಕಿ ಒರೆಸಿ ಒಣಗಿಸಿ. ಬ್ಲೇಡು ಬ್ಲಾಕಿನಿಂದ ಹೊರಗೆ 1 ಮಿ.ಮೀ. ಆಸುಪಾಸು ಇದ್ದರೆ ಸಾಕು. ಸ್ಕ್ರೂಗಳನ್ನು ಮೊದಲು ಎಲ್ಲವನ್ನೂ ಹಗುರಾಗಿ, ಆಮೇಲೆ ನಡುವಿನಿಂದ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಗಿಯುವಾಗ ಬ್ಲೇಡು ಮೇಲೇಳುತ್ತದೆ, ಹಾಗಾಗಿ ಅಳತೆ ಬಿಗಿದ ಮೇಲೆ ಮತ್ತೆ ನೋಡಬೇಕು. ಡಯಲ್ ಗೇಜಿನಲ್ಲಿ (ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಬ್ಲೇಡುಗಳ ಎತ್ತರದ ವ್ಯತ್ಯಾಸ 0.03 ಮಿ.ಮೀ. ಒಳಗೆ ಬಂದರೆ ಒಳ್ಳೆಯದು. ಸರ್ಫೇಸ್ ಮೆಷಿನ್ (ಹಲಗೆಯ ಒಂದು ಮುಖವನ್ನು ಸಮ ಮಾಡುವ ಪ್ಲೇನರ್) ಇದ್ದು ಡಯಲ್ ಇಲ್ಲದವರು, ನೇರವಾದ ರೀಪು ಹಿಂದಿನ ಟೇಬಲ್ಲಿನ ಮೇಲಿಟ್ಟು ಬ್ಲಾಕನ್ನು ಕೈಯಲ್ಲಿ ತಿರುಗಿಸಿ: ಪ್ರತಿ ಬ್ಲೇಡೂ ಎರಡೂ ತುದಿಯಲ್ಲಿ ರೀಪನ್ನು ಒಂದೇ ದೂರ, ಮೂರರಿಂದ ಐದು ಮಿ.ಮೀ., ಎಳೆದೊಯ್ಯಬೇಕು.

ಒಂದು ಬ್ಲೇಡು ಮಾತ್ರ ಮೇಲೆದ್ದಿದ್ದರೆ ಏನಾಗುತ್ತದೆ? ನಿಮಿಷಕ್ಕೆ 5,000 ಸುತ್ತು, ಮೂರು ಬ್ಲೇಡು, ಹಲಗೆ ನಿಮಿಷಕ್ಕೆ 6 ಮೀಟರ್ ಓಡಿದರೆ ಪ್ರತಿ ಕಡಿತಕ್ಕೆ 0.4 ಮಿ.ಮೀ. ಒಂದೇ ಬ್ಲೇಡು ಕೆಲಸ ಮಾಡಿದರೆ ಅದು 1.2 ಆಗುತ್ತದೆ, ಹಲಗೆಯ ಮೇಲೆ ಬೆರಳಿಗೆ ಸಿಗುವ ಅಲೆ. ಆಗ ಸಾಣೆಯವನನ್ನು ಬೈಯುವುದು ವ್ಯರ್ಥ. ಐದು ನಿಮಿಷ ಖಾಲಿ ಓಡಿಸಿ, ಪ್ಲಗ್ ಕಿತ್ತು, ಸ್ಕ್ರೂ ಇನ್ನೊಮ್ಮೆ ನೋಡಿ.

ಎರಡು ಸೆಟ್ ಇಟ್ಟುಕೊಳ್ಳಿ, ಒಂದು ಮೈಸೂರಿಗೆ ಹೋದಾಗ ಇನ್ನೊಂದು ಓಡುತ್ತಿರಲಿ. ಸೆಟ್ಟಿನ ಬ್ಲೇಡುಗಳಿಗೆ ಮಾರ್ಕರಿನಲ್ಲಿ ನಂಬರ್ ಹಾಕಿ, ಸೆಟ್ಟುಗಳು ಬೆರೆಯಬಾರದು. ಕಳಿಸಲು ಎರಡು ಇಂಚಿನ ಪಿವಿಸಿ ಪೈಪು ಒಂದೂಕಾಲು ಅಡಿ, ಎರಡೂ ಕಡೆ ಕ್ಯಾಪ್. ಪ್ರತಿ ಬ್ಲೇಡಿನ ಬಾಯಿಗೂ ಸೀಳಿದ ರಬ್ಬರ್ ಟ್ಯೂಬ್ ತೊಡಿಸಿ ಒಳಗೆ ಬಟ್ಟೆ ತುರುಕಿ. ಕೆಎಸ್‌ಆರ್‌ಟಿಸಿ ಕಾರ್ಗೋದಲ್ಲಿ ಹಾಕಿದರೂ ಒಳಗೆ ಅಲ್ಲಾಡಬಾರದು. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸಾಣೆಯಾಗಿ ಬಂದ ಬ್ಲೇಡನ್ನು ಪೇಪರಿನಲ್ಲಿ ಸುತ್ತಿ ಇಟ್ಟರೆ ಪೇಪರ್ ತೇವ ಹೀರಿ ಅದೇ ಅಂಚಿಗೆ ತುಕ್ಕು ಹಚ್ಚುತ್ತದೆ. ತೆಂಗಿನೆಣ್ಣೆಯೂ ಬೇಡ, ಇಲ್ಲಿಯ ಚಳಿಗೆ ಗಟ್ಟಿಯಾಗಿ ಹೊಟ್ಟು ಮೆತ್ತಿಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಮುಚ್ಚಳ ಬಿಗಿಯಾದ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ. ಮತ್ತೆ ಹಾಕುವ ಮೊದಲು ಆ ಎಣ್ಣೆ ಪೂರ್ತಿ ಒರೆಸಿ, ಇಲ್ಲದಿದ್ದರೆ ಮೊದಲ ಹಲಗೆಗೆ ಕಲೆಯಾಗುತ್ತದೆ, ಪಟ್ಟಿ ಹಿಡಿಯುವ ಜಾಗದಲ್ಲಿ ಬ್ಲೇಡು ಜಾರುತ್ತದೆ.